ಮೌನವೆಲ್ಲವೂ ವ್ರತವಲ್ಲ

ಮಗನನ್ನೋ ಮಗಳನ್ನೋ ಉನ್ನತ ವ್ಯಾಸಂಗಕ್ಕಾಗಿ ದೂರದ ಊರಿಗೆ ಕಳುಹಿಸುವ ಗೃಹಸ್ಥನು ಹಲವು ವಿಷಯಗಳನ್ನು ಮುಂಚಿತವಾಗಿಯೇ ವಿಚಾರಿಸಿಕೊಳ್ಳುತ್ತಾನೆ. ಕಾಲೇಜಿನ ಹೆಸರು ಹೇಗಿದೆ, ಶುಲ್ಕವೆಷ್ಟು, ವಿದ್ಯಾರ್ಥಿನಿಲಯದಲ್ಲಿ ಸೂರ್ಯಾಸ್ತಕ್ಕೆ ಮೊದಲು ಊಟ ಸಿಗುವುದೇ, ಕಂದಮೂಲಗಳಿಲ್ಲದ ಅಡುಗೆ ದೊರೆಯುವುದೇ, ಸಮೀಪದಲ್ಲಿ ಬಸದಿ ಇದೆಯೇ, ಇವೆಲ್ಲವೂ ಕೇಳತಕ್ಕ ಪ್ರಶ್ನೆಗಳೇ. ಆದರೆ ಇವುಗಳಷ್ಟೇ ಮುಖ್ಯವಾದ ಇನ್ನೊಂದನ್ನು ಕೇಳುವವರು ವಿರಳ. ಅಲ್ಲಿ ಮಗುವಿನ ಮನಸ್ಸು ಕುಸಿದರೆ ಅದನ್ನು ಮೊದಲು ಕಾಣುವವರು ಯಾರು? ಕಂಡವರು ಅದನ್ನು ಯಾರಿಗೆ ತಿಳಿಸಬೇಕು? ತಿಳಿಸಿದ ಮೇಲೆ ಏನಾಗುತ್ತದೆ?

ಈ ಪ್ರಶ್ನೆಯನ್ನು ಕೇಳದಿರುವುದಕ್ಕೆ ತೆರಬೇಕಾದ ಬೆಲೆ ಸಣ್ಣದಲ್ಲ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಪ್ರಕಟಿಸುವ ವಾರ್ಷಿಕ ವರದಿಯಂತೆ 2013ರಲ್ಲಿ ಭಾರತದಲ್ಲಿ ಆತ್ಮಹತ್ಯೆಯಿಂದ ಮೃತರಾದ ವಿದ್ಯಾರ್ಥಿಗಳು 8,423 ಮಂದಿ. 2022ರಲ್ಲಿ ಈ ಸಂಖ್ಯೆ 13,044ಕ್ಕೆ ಏರಿತು. 2023ರಲ್ಲಿ 13,892 ಆಯಿತು. ಹತ್ತು ವರ್ಷಗಳಲ್ಲಿ ಸುಮಾರು ಶೇಕಡಾ 65ರಷ್ಟು ಏರಿಕೆ. ಇದು ಶಾಲೆಯಿಂದ ವಿಶ್ವವಿದ್ಯಾಲಯದವರೆಗಿನ ಎಲ್ಲ ವಿದ್ಯಾರ್ಥಿಗಳ ಲೆಕ್ಕವೆಂಬುದು ನಿಜ. ಆದರೂ ಯಾವ ವ್ಯಾಪಾರಿಯಾದರೂ ತನ್ನ ಖಾತೆಯಲ್ಲಿ ಹತ್ತು ವರ್ಷಗಳಲ್ಲಿ ಬೆಳೆದ ಇಂಥ ನಷ್ಟವನ್ನು ಕಂಡು ಪುಸ್ತಕ ಮುಚ್ಚಿ ನಿದ್ರಿಸುವನೇ? ನಿದ್ರಿಸಲಾರ. ಹಣದ ವಿಷಯದಲ್ಲಿ ಇರುವ ಈ ಎಚ್ಚರ ಮಕ್ಕಳ ಪ್ರಾಣದ ವಿಷಯದಲ್ಲಿ ಸಮಾಜಕ್ಕೆ ಏಕಿಲ್ಲ?

ದುರಂತ ಸಂಭವಿಸಿದ ಮೇಲೆ ಎಲ್ಲ ಕಡೆಯೂ ಒಂದೇ ಮಾತು ಕೇಳಿಬರುತ್ತದೆ: ಯಾರಿಗೂ ಗೊತ್ತಿರಲಿಲ್ಲ. ಈ ಮಾತು ಹಲವು ವೇಳೆ ಅರ್ಧಸತ್ಯ. ಯಾರೋ ಒಬ್ಬರಿಗೆ ಏನೋ ಒಂದಿಷ್ಟು ಗೊತ್ತಿರುತ್ತದೆ. ಪಕ್ಕದ ಹಾಸಿಗೆಯ ಗೆಳೆಯನಿಗೆ ಅವನು ರಾತ್ರಿಯೆಲ್ಲ ಎಚ್ಚರವಿರುವುದು ಗೊತ್ತು. ಅಡುಗೆಯವರಿಗೆ ನಾಲ್ಕು ದಿನದಿಂದ ಒಂದು ತಟ್ಟೆ ಹಾಗೆಯೇ ಉಳಿದಿರುವುದು ಗೊತ್ತು. ಅಧ್ಯಾಪಕರಿಗೆ ಮುಂದಿನ ಬೆಂಚಿನಲ್ಲಿ ಕೂಡುತ್ತಿದ್ದವಳು ಕಡೆಯ ಬೆಂಚಿಗೆ, ಅಲ್ಲಿಂದ ಗೈರುಹಾಜರಿಗೆ ಹೋದದ್ದು ಗೊತ್ತು. ತಾಯಿಗೆ ದೂರವಾಣಿಯಲ್ಲಿ ಮಾತು ಚಿಕ್ಕದಾಗುತ್ತ ಬಂದದ್ದು ಗೊತ್ತು. ಪ್ರತಿಯೊಬ್ಬರ ಕೈಯಲ್ಲೂ ಚೀಟಿಯ ಒಂದೊಂದು ಚೂರು ಇರುತ್ತದೆ. ಚೂರುಗಳನ್ನು ಜೋಡಿಸುವವರು ಇರುವುದಿಲ್ಲ. ಕೊರತೆ ಇರುವುದು ಕಣ್ಣುಗಳದಲ್ಲ, ಬಾಯಿಯದು.

ಮನೋವೈದ್ಯರು ಹೇಳುವ ಲಕ್ಷಣಗಳು ಸಾಮಾನ್ಯರಿಗೂ ತಿಳಿಯುವಂಥವೇ. ನಿದ್ರೆ ತೀರ ಕಡಿಮೆಯಾಗುವುದು ಅಥವಾ ಹಗಲೂ ಹಾಸಿಗೆ ಬಿಡದಿರುವುದು, ಹಸಿವು ಹೋಗುವುದು, ಸ್ನಾನ, ಬಟ್ಟೆಬರೆಗಳಲ್ಲಿ ಅಲಕ್ಷ್ಯ, ಮೊದಲು ಪ್ರೀತಿಯಿಂದ ಮಾಡುತ್ತಿದ್ದ ಆಟ, ಹಾಡು, ಓದುಗಳಲ್ಲಿ ನಿರಾಸಕ್ತಿ, ಗೆಳೆಯರಿಂದ ದೂರವಾಗುವುದು, ಸಣ್ಣ ಮಾತಿಗೂ ಸಿಡುಕು, ಹೊಸದಾಗಿ ಅಂಟಿದ ಮದ್ಯ ಅಥವಾ ಮಾದಕ ವಸ್ತು, ಮೊಬೈಲಿನ ಜೂಜಿನಿಂದ ಬೆಳೆದ ಸಾಲ. ಇವುಗಳಿಗಿಂತ ಗಂಭೀರವಾದವು ಬೇರೆ ಇವೆ. ತಾನು ಎಲ್ಲರಿಗೂ ಭಾರವೆಂಬ ಮಾತು, ತಾನಿಲ್ಲದಿದ್ದರೆ ಎಲ್ಲರೂ ಸುಖವಾಗಿರುವರೆಂಬ ಮಾತು, ವಾಟ್ಸ್‌ಆ್ಯಪ್‌ನಲ್ಲಿ ವಿದಾಯದ ಧ್ವನಿಯ ಬರಹ, ಬಹುದಿನದ ಕಳವಳದ ನಂತರ ಕಾರಣವಿಲ್ಲದೆ ಕಾಣಿಸುವ ಶಾಂತಿ. ಒಂದು ಲಕ್ಷಣ ಕಂಡೊಡನೆ ರೋಗವೆಂದು ತೀರ್ಮಾನಿಸುವುದು ಸಲ್ಲದು. ಬದಲಾವಣೆಯೇ ಇಲ್ಲಿ ಮುಖ್ಯ. ಸ್ವಭಾವತಃ ಮಿತಭಾಷಿಯಾದವನ ಮೌನ ಬೇರೆ. ಮಾತುಗಾರನಾದವನು ಮೌನಿಯಾಗುವುದು ಬೇರೆ.

ಇಲ್ಲಿಯೇ ಜೈನ ಮನೆಗಳೂ ಜೈನ ವಿದ್ಯಾರ್ಥಿನಿಲಯಗಳೂ ವಿಶೇಷವಾಗಿ ಎಚ್ಚರ ವಹಿಸಬೇಕಾದ ಒಂದು ಸಂಗತಿ ಇದೆ. ಬೇರೆಡೆ ಕಳವಳ ಹುಟ್ಟಿಸುವ ಲಕ್ಷಣಗಳು ಇಲ್ಲಿ ಸದ್ಗುಣದ ವೇಷದಲ್ಲಿ ಬರುತ್ತವೆ. ಊಟ ಬಿಟ್ಟವನು ಉಪವಾಸವೆಂದರೆ ಸಾಕು, ಹಿರಿಯರು ತಲೆದೂಗುತ್ತಾರೆ. ಮಾತು ಬಿಟ್ಟವನು ಮೌನವ್ರತವೆಂದರೆ ಗೌರವ ಹೆಚ್ಚುತ್ತದೆ. ಪ್ರಿಯವಾದ ಕೈಗಡಿಯಾರವನ್ನೂ ಪುಸ್ತಕಗಳನ್ನೂ ಗೆಳೆಯರಿಗೆ ಹಂಚಿದವನನ್ನು ಪರಿಗ್ರಹ ಬಿಟ್ಟವನೆಂದು ಹೊಗಳುತ್ತಾರೆ. ಭಾದ್ರಪದದ ದಶಲಕ್ಷಣ ಪರ್ವ ಮುಗಿದ ಮೇಲೆ ಕ್ಷಮಾವಾಣಿಯ ದಿನ ಎಲ್ಲರೂ ಎಲ್ಲರ ಕ್ಷಮೆ ಕೇಳುವುದು ಸಹಜ. ಆದರೆ ಮಾರ್ಚ್ ತಿಂಗಳ ಪರೀಕ್ಷೆಯ ನಡುವೆ, ಯಾವ ಕಾರಣವೂ ಇಲ್ಲದೆ, ಒಬ್ಬ ಹುಡುಗಿ ಗೆಳತಿಯರಿಗೆಲ್ಲ ತನ್ನನ್ನು ಕ್ಷಮಿಸಿಬಿಡಿರೆಂದು ಸಂದೇಶ ಕಳುಹಿಸಿದರೆ ಅದನ್ನು ಸಂಸ್ಕಾರವೆಂದು ಮೆಚ್ಚಿ ಸುಮ್ಮನಾಗುವುದು ಎಂಥ ಕುರುಡು! ಅದು ಆ ಕ್ಷಣವೇ ಎದ್ದು ಅವಳ ಕೋಣೆಗೆ ಹೋಗಬೇಕಾದ ಸಂದೇಶ.

ಶಾಸ್ತ್ರ ಬಲ್ಲವರಿಗೆ ಈ ವ್ಯತ್ಯಾಸ ಕಷ್ಟವಲ್ಲ. ಉಪವಾಸಕ್ಕೆ ಪ್ರತ್ಯಾಖ್ಯಾನವಿದೆ, ಅವಧಿಯಿದೆ, ಕೊನೆಯಲ್ಲಿ ಪಾರಣೆಯಿದೆ. ವ್ರತಿಯಾದವನು ಆ ದಿನ ಸ್ವಾಧ್ಯಾಯದಲ್ಲಿ, ಪೂಜೆಯಲ್ಲಿ, ಸಾಧರ್ಮಿಗಳ ಸಂಗದಲ್ಲಿ ಹೆಚ್ಚು ತೊಡಗುತ್ತಾನೆ. ಅನ್ನದ ಮೇಲೆ ರುಚಿ ಹೋಗಿ, ಬಾಗಿಲು ಹಾಕಿಕೊಂಡು, ನಾಳೆಯ ಪಾರಣೆಯ ಮಾತನ್ನೇ ಎತ್ತದವನು ತಪಸ್ಸು ಮಾಡುತ್ತಿಲ್ಲ, ಮುಳುಗುತ್ತಿದ್ದಾನೆ. ಆರ್ತಧ್ಯಾನವನ್ನು ಧರ್ಮಧ್ಯಾನವೆಂದು ಎಣಿಸುವುದು ಅಜ್ಞಾನ. ಆ ಎಣಿಕೆಯಿಂದ ಒಂದು ಜೀವ ಅಪಾಯಕ್ಕೆ ಸಿಲುಕಿದರೆ ಅದು ಕೇವಲ ಅಜ್ಞಾನವಲ್ಲ, ಪ್ರಮಾದ. ಪ್ರಮಾದವೇ ಹಿಂಸೆಯ ಮೂಲವೆಂಬುದು ಜೈನ ಮನೆಯ ಬಾಲಕನಿಗೂ ತಿಳಿದ ಪಾಠ.

ಕಂಡದ್ದನ್ನು ಹೇಳದಿರಲು ಸಮಾಜವು ಮೂರು ನೆಪಗಳನ್ನು ಮುಂದೊಡ್ಡುತ್ತದೆ. ಮೊದಲನೆಯದು ಉಪಗೂಹನದ ನೆಪ. ಪರರ ದೋಷವನ್ನು ಬಯಲಿಗೆಳೆಯಬಾರದು, ಮುಚ್ಚಬೇಕು, ಅದು ಸಮ್ಯಕ್ತ್ವದ ಅಂಗವೆಂದು ಹೇಳುವವರು ಇದ್ದಾರೆ. ಆದರೆ ಉಪಗೂಹನವಿರುವುದು ದೋಷಕ್ಕೆ. ದುಃಖವು ದೋಷವೇ? ಜ್ವರ ಬಂದವನು ಅಪರಾಧಿಯೇ? ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರದಲ್ಲಿ ಹೇಳಿರುವ ಎಂಟು ಅಂಗಗಳಲ್ಲಿ ಉಪಗೂಹನ ಐದನೆಯದು. ಅದರ ಬೆನ್ನಿಗೇ ಬರುವ ಆರನೆಯದು ಸ್ಥಿತೀಕರಣ, ಅಂದರೆ ಜಾರುತ್ತಿರುವವನನ್ನು ಹಿಡಿದು ಮತ್ತೆ ನೆಲೆಗೆ ನಿಲ್ಲಿಸುವುದು. ಐದನೆಯದನ್ನು ಬಾಯಿಪಾಠ ಮಾಡಿ ಆರನೆಯದನ್ನು ಮರೆತವರ ಸಂಖ್ಯೆ ದೊಡ್ಡದು. ದರ್ಶನ ಚಾರಿತ್ರಗಳಿಂದ ಜಾರುವವನನ್ನೇ ಎತ್ತಿ ನಿಲ್ಲಿಸಬೇಕೆಂದ ಧರ್ಮವು ಬದುಕಿನಿಂದಲೇ ಜಾರುವವನನ್ನು ನೋಡಿಕೊಂಡು ಸುಮ್ಮನಿರು ಎಂದೀತೇ?

ಸ್ಥಿತೀಕರಣಕ್ಕೆ ಉದಾಹರಣೆಯಾಗಿ ಪರಂಪರೆ ಹೇಳುವುದು ಶ್ರೇಣಿಕನ ಮಗ ವಾರಿಷೇಣನನ್ನು. ದೀಕ್ಷೆ ಪಡೆದರೂ ಗೆಳೆಯ ಪುಷ್ಪಡಾಲನ ಮನಸ್ಸು ಮನೆಯಲ್ಲೇ ಉಳಿದಿರುವುದನ್ನು ಅವನು ಗುರುತಿಸಿದ. ಗುರುತಿಸಿ ಸುಮ್ಮನಿರಲಿಲ್ಲ, ನಾಲ್ಕು ಜನರೆದುರು ಹೀಯಾಳಿಸಲೂ ಇಲ್ಲ. ಅವನನ್ನು ಜೊತೆಯಲ್ಲೇ ಕರೆದುಕೊಂಡು ತನ್ನ ಅರಮನೆಗೆ ನಡೆದ. ಅಲ್ಲಿ ಕಂಡದ್ದರಿಂದ ಗೆಳೆಯನ ಮನಸ್ಸು ನೆಲೆಗೆ ಬಂತು. ಗಮನಿಸುವುದು, ಜೊತೆಗೆ ನಡೆಯುವುದು, ಸರಿಯಾದ ಎಡೆಗೆ ಕರೆದೊಯ್ಯುವುದು: ಈ ಮೂರೂ ಇಂದಿನ ವಿದ್ಯಾರ್ಥಿನಿಲಯಕ್ಕೆ ಹಾಗೆಯೇ ಅನ್ವಯಿಸುತ್ತವೆ.

ಎರಡನೆಯದು ಕರ್ಮದ ನೆಪ. ಅವನ ಅಶುಭ ಕರ್ಮದ ಉದಯ, ಅನುಭವಿಸಲೇಬೇಕೆಂದು ನಿಟ್ಟುಸಿರಿಡುವವರು ತಮ್ಮ ಮನೆಯವರಿಗೆ ಎದೆನೋವು ಬಂದಾಗ ಇದೇ ಮಾತನ್ನು ಹೇಳಿ ಕೈಕಟ್ಟಿ ಕೂರುವರೇ? ಆಗ ವೈದ್ಯರು ಬೇಕು, ವಾಹನ ಬೇಕು, ಮಹಾನಗರದ ಆಸ್ಪತ್ರೆಯೇ ಬೇಕು. ಕರ್ಮಸಿದ್ಧಾಂತವು ಪುರುಷಾರ್ಥವನ್ನು ಎಂದೂ ನಿಷೇಧಿಸಿಲ್ಲ. ಔಷಧದಾನವನ್ನು ಚತುರ್ವಿಧ ದಾನಗಳಲ್ಲಿ ಸೇರಿಸಿದ ಧರ್ಮವು ಮನಸ್ಸಿನ ನೋವಿಗೆ ಮಾತ್ರ ಔಷಧ ಬೇಡವೆಂದು ಎಲ್ಲಿಯೂ ಹೇಳಿಲ್ಲ.

ಮೂರನೆಯದು ಚಾಡಿಯ ನೆಪ. ಗೆಳೆಯನ ವಿಷಯವನ್ನು ಮೇಲಿನವರಿಗೆ ತಿಳಿಸುವುದು ಪೈಶುನ್ಯವಲ್ಲವೇ, ನಂಬಿಕೆದ್ರೋಹವಲ್ಲವೇ ಎಂದು ಯುವಕರು ಪ್ರಾಮಾಣಿಕವಾಗಿಯೇ ಕೇಳುತ್ತಾರೆ. ಇದಕ್ಕೆ ಉತ್ತರ ನೇರವಾಗಿದೆ. ಚಾಡಿಯು ಒಬ್ಬನಿಗೆ ಕೇಡಾಗಲೆಂದು ಹೇಳುವ ಮಾತು. ವರದಿಯು ಅವನು ಉಳಿಯಲೆಂದು ಹೇಳುವ ಮಾತು. ಚಾಡಿಯು ಹತ್ತು ಕಿವಿಗಳಿಗೆ ಹೋಗುತ್ತದೆ. ವರದಿಯು ಸಹಾಯ ಮಾಡಬಲ್ಲ ಒಬ್ಬಿಬ್ಬರಿಗೆ ಮಾತ್ರ ಹೋಗುತ್ತದೆ. ಯಾರಿಗೂ ಹೇಳುವುದಿಲ್ಲವೆಂದು ಮಾತು ಕೊಟ್ಟಾಗಿದೆಯೇ? ಪ್ರಾಣಕ್ಕೆ ಅಪಾಯವಿರುವಾಗ ಆ ಮಾತನ್ನು ಮುರಿಯಬೇಕು, ಮುರಿಯುತ್ತಿರುವುದಾಗಿ ಅವನಿಗೇ ಹೇಳಿ ಮುರಿಯಬೇಕು. ಸಿಟ್ಟಾದ ಗೆಳೆಯನೊಡನೆ ಮುಂದೆ ರಾಜಿಯಾಗಲು ಸಾಧ್ಯವಿದೆ. ಇಲ್ಲದ ಗೆಳೆಯನೊಡನೆ ಸಾಧ್ಯವಿಲ್ಲ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯು ಕೂಡ ರೋಗಿಯ ವಿಷಯವನ್ನು ಗುಟ್ಟಾಗಿಡುವ ಹಕ್ಕನ್ನು ಕೊಡುತ್ತಲೇ ಪ್ರಾಣಾಪಾಯದ ಸಂದರ್ಭವನ್ನು ಅದರಿಂದ ಹೊರಗಿಟ್ಟಿದೆ.

ಈ ಮೂರು ನೆಪಗಳಿಗೆ ಉತ್ತರ ಹೇಳುವುದು ಸುಲಭ. ನಾಲ್ಕನೆಯದೊಂದಿದೆ, ಅದು ನೆಪವಲ್ಲ, ನಿಜವಾದ ಭಯ. ವರದಿ ಮಾಡಿದರೆ ಆ ಹುಡುಗನನ್ನು ನಿಲಯದಿಂದ ಹೊರಗೆ ಹಾಕುತ್ತಾರೆ ಎಂಬ ಭಯ. ಈ ಭಯ ಆಧಾರವಿಲ್ಲದ್ದೆಂದು ಯಾವ ಆಡಳಿತ ಮಂಡಳಿಯಾದರೂ ಎದೆಮುಟ್ಟಿಕೊಂಡು ಹೇಳಬಲ್ಲದೇ? ವಿದ್ಯಾರ್ಥಿಯೊಬ್ಬನ ಮನಸ್ಸು ಸರಿಯಿಲ್ಲವೆಂದು ತಿಳಿದೊಡನೆ ಕೆಲವು ಸಂಸ್ಥೆಗಳು ಮಾಡುವ ಮೊದಲ ಕೆಲಸವೆಂದರೆ ತಂದೆಯನ್ನು ಕರೆಸಿ, ಮಗನನ್ನು ಮನೆಗೆ ಕರೆದೊಯ್ಯಿರೆಂದು ಹೇಳಿ, ಮುಚ್ಚಳಿಕೆ ಬರೆಸಿಕೊಳ್ಳುವುದು. ಸಂಸ್ಥೆಗೆ ಕೆಟ್ಟ ಹೆಸರು ಬಾರದಿರಲೆಂಬುದೇ ಅದರ ಹಿಂದಿನ ಚಿಂತೆ. ಇದರ ಫಲವೇನು? ಆ ಹುಡುಗ ಓದು, ಗೆಳೆಯರು, ದಿನಚರಿ, ಮಾನ, ಎಲ್ಲವನ್ನೂ ಒಂದೇ ದಿನ ಕಳೆದುಕೊಳ್ಳುತ್ತಾನೆ. ಅದನ್ನು ನೋಡಿದ ಉಳಿದವರು ಒಂದು ಪಾಠ ಕಲಿಯುತ್ತಾರೆ: ಇಲ್ಲಿ ನೋವನ್ನು ಅಡಗಿಸಬೇಕು, ಗೆಳೆಯನ ನೋವನ್ನೂ ಅಡಗಿಸಬೇಕು. ಹೀಗೆ ಒಬ್ಬನನ್ನು ಹೊರಗೆ ಕಳುಹಿಸಿದ ಸಂಸ್ಥೆ ನೂರು ಬಾಯಿಗಳಿಗೆ ಬೀಗ ಹಾಕುತ್ತದೆ. ಆಮೇಲೆ ಯಾರಿಗೂ ಗೊತ್ತಿರಲಿಲ್ಲವೆಂದು ಹೇಳುವ ನೈತಿಕ ಹಕ್ಕು ಅದಕ್ಕೆ ಉಳಿಯುವುದಿಲ್ಲ.

ಕಾನೂನು ಸಮಾಜಕ್ಕಿಂತ ಮುಂದೆ ನಡೆದಿದೆ ಎಂಬುದು ಇಲ್ಲಿ ನಾಚಿಕೆಪಡಬೇಕಾದ ಮಾತು. ಆತ್ಮಹತ್ಯೆಗೆ ಯತ್ನಿಸಿದವನನ್ನು ಶಿಕ್ಷಿಸುತ್ತಿದ್ದ ಕಾಲವೊಂದಿತ್ತು. 2018ರ ಮೇ ತಿಂಗಳಲ್ಲಿ ಜಾರಿಗೆ ಬಂದ ಮೇಲೆ ಹೇಳಿದ ಕಾಯ್ದೆಯ 115ನೆಯ ಕಲಮು ಅಂಥವನು ತೀವ್ರ ಮಾನಸಿಕ ಒತ್ತಡದಲ್ಲಿದ್ದನೆಂದೇ ಭಾವಿಸಬೇಕು, ಅವನಿಗೆ ಆರೈಕೆ ಒದಗಿಸುವುದು ಸರ್ಕಾರದ ಕರ್ತವ್ಯ ಎಂದು ಹೇಳಿತು. 2024ರ ಜುಲೈ 1ರಂದು ಜಾರಿಯಾದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಹಳೆಯ ದಂಡಸಂಹಿತೆಯ 309ನೆಯ ಕಲಮು ಉಳಿದಿಲ್ಲ. ಪೊಲೀಸರ ಭಯದಿಂದ ವಿಷಯ ಮುಚ್ಚಿಡುವ ಕಾರಣ ಇಂದು ಇಲ್ಲ. ಮೈಯ ಕಾಯಿಲೆಗೆ ಕೊಡುವ ವಿಮೆಯನ್ನೇ ಮನಸ್ಸಿನ ಕಾಯಿಲೆಗೂ ಕೊಡಬೇಕೆಂದೂ ಅದೇ ಕಾಯ್ದೆ ವಿಧಿಸಿದೆ.

2025ರ ಮಾರ್ಚ್ 24ರಂದು ಸರ್ವೋಚ್ಚ ನ್ಯಾಯಾಲಯವು ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿನ ವಿದ್ಯಾರ್ಥಿಗಳ ಮಾನಸಿಕ ಸ್ವಾಸ್ಥ್ಯವನ್ನು ಪರಿಶೀಲಿಸಲು ನಿವೃತ್ತ ನ್ಯಾಯಮೂರ್ತಿ ಎಸ್. ರವೀಂದ್ರ ಭಟ್ ಅವರ ಅಧ್ಯಕ್ಷತೆಯಲ್ಲಿ ರಾಷ್ಟ್ರೀಯ ಕಾರ್ಯಪಡೆಯನ್ನು ನೇಮಿಸಿತು. ಅದೇ ವರ್ಷದ ಜುಲೈ 25ರಂದು, ವಿಶಾಖಪಟ್ಟಣದಲ್ಲಿ ವೈದ್ಯಕೀಯ ಪ್ರವೇಶ ಪರೀಕ್ಷೆಗೆ ಓದುತ್ತಿದ್ದ 17 ವರ್ಷದ ವಿದ್ಯಾರ್ಥಿನಿಯೊಬ್ಬಳ ಸಾವಿಗೆ ಸಂಬಂಧಿಸಿದ ಪ್ರಕರಣದಲ್ಲಿ, ಇಡೀ ದೇಶಕ್ಕೆ ಅನ್ವಯಿಸುವ ಮಾರ್ಗಸೂಚಿಗಳನ್ನು ನೀಡಿತು. 100 ಅಥವಾ ಹೆಚ್ಚು ವಿದ್ಯಾರ್ಥಿಗಳಿರುವ ಸಂಸ್ಥೆ ತರಬೇತಿ ಪಡೆದ ಒಬ್ಬ ಆಪ್ತಸಮಾಲೋಚಕರನ್ನಾದರೂ ಇರಿಸಿಕೊಳ್ಳಬೇಕು. ಅದಕ್ಕಿಂತ ಚಿಕ್ಕದು ಹೊರಗಿನ ತಜ್ಞರೊಡನೆ ಏರ್ಪಾಡು ಮಾಡಿಕೊಳ್ಳಬೇಕು. ಸಿಬ್ಬಂದಿಗೆ ವರ್ಷಕ್ಕೆ ಎರಡು ಬಾರಿಯಾದರೂ ತರಬೇತಿ ಕೊಡಿಸಬೇಕು. ಸಹಾಯವಾಣಿಯ ಸಂಖ್ಯೆಯನ್ನು ಕಣ್ಣಿಗೆ ಬೀಳುವಂತೆ ಬರೆಸಬೇಕು. ತಂದೆತಾಯಿಗಳಿಗೂ ತಿಳುವಳಿಕೆ ನೀಡಬೇಕು. ಈ ಮಾರ್ಗಸೂಚಿಗಳಲ್ಲಿ ವಿದ್ಯಾರ್ಥಿನಿಲಯಗಳೂ ಸೇರಿವೆ. ಧರ್ಮಾರ್ಥವಾಗಿ ನಡೆಯುವುದು ಎಂಬ ಕಾರಣಕ್ಕೆ ಜೈನ ಬೋರ್ಡಿಂಗಿಗೆ ವಿನಾಯಿತಿ ಇಲ್ಲ. ಇರಬೇಕೆಂದು ಬಯಸುವುದೂ ಯೋಗ್ಯವಲ್ಲ.

ಹಾಗಾದರೆ ಸಾಮಾನ್ಯ ವಿದ್ಯಾರ್ಥಿ, ಅಡುಗೆಯವರು, ಕಾವಲುಗಾರರು, ನಿಲಯಪಾಲಕರು ಮಾಡಬೇಕಾದುದೇನು? ಮೊದಲು ಏಕಾಂತದಲ್ಲಿ ಕೇಳಬೇಕು. ಸುತ್ತಿ ಬಳಸಿ ಅಲ್ಲ. ಬದುಕುವುದೇ ಬೇಡವೆನಿಸಿದೆಯೇ, ಸಾಯುವ ಯೋಚನೆ ಬಂದಿದೆಯೇ ಎಂದು ನೇರವಾಗಿ, ಮೃದುವಾಗಿ ಕೇಳಬೇಕು. ಹೀಗೆ ಕೇಳಿದರೆ ಇಲ್ಲದ ಯೋಚನೆಯನ್ನು ತಲೆಗೆ ತುಂಬಿದಂತಾಗುವುದೆಂಬ ನಂಬಿಕೆ ತಪ್ಪೆಂದು ವಿಶ್ವ ಆರೋಗ್ಯ ಸಂಸ್ಥೆ ಸ್ಪಷ್ಟಪಡಿಸಿದೆ. ಎರಡನೆಯದಾಗಿ ಉಪದೇಶ ಮಾಡದೆ ಕೇಳಿಸಿಕೊಳ್ಳಬೇಕು. ನಿನಗೇನು ಕಡಿಮೆಯಾಗಿದೆ, ನಿನ್ನ ತಂದೆ ಎಷ್ಟು ಕಷ್ಟಪಟ್ಟು ಓದಿಸುತ್ತಿದ್ದಾರೆ ಎಂಬ ಮಾತುಗಳು ಗಾಯದ ಮೇಲೆ ಉಪ್ಪು. ಮೂರನೆಯದಾಗಿ ಅಪಾಯ ಕಂಡರೆ ಒಂಟಿಯಾಗಿ ಬಿಡದೆ, ಆ ದಿನವೇ ನಿಲಯಪಾಲಕರಿಗೋ ಆಪ್ತಸಮಾಲೋಚಕರಿಗೋ ತಿಳಿಸಿ, ವೈದ್ಯರ ಬಳಿಗೆ ಜೊತೆಯಲ್ಲಿ ಹೋಗಬೇಕು. ಕೇಂದ್ರ ಸರ್ಕಾರವು 2022ರ ಅಕ್ಟೋಬರ್ 10ರಂದು ಆರಂಭಿಸಿದ ಟೆಲಿ ಮಾನಸ್ ಸಹಾಯವಾಣಿಯ ಸಂಖ್ಯೆ 14416. ಬೆಂಗಳೂರಿನ ನಿಮ್ಹಾನ್ಸ್ ಇದರ ಮುಖ್ಯ ಕೇಂದ್ರ. ಹಗಲಿರುಳೂ ಉಚಿತವಾಗಿ, ಕನ್ನಡದಲ್ಲಿಯೇ ಮಾತನಾಡಬಹುದು. ನೊಂದವನಷ್ಟೇ ಅಲ್ಲ, ಅವನ ಬಗ್ಗೆ ಕಳವಳಗೊಂಡ ಗೆಳೆಯನೂ ಕರೆ ಮಾಡಬಹುದು. ಪ್ರಾಣಾಪಾಯ ಸನ್ನಿಹಿತವಾಗಿದ್ದರೆ 112.

ಟ್ರಸ್ಟುಗಳು ಮಾಡಬೇಕಾದುದು ಇದಕ್ಕಿಂತ ಹೆಚ್ಚಿದೆ. ಶಿಲಾನ್ಯಾಸಕ್ಕೆ, ಶತಮಾನೋತ್ಸವದ ಮಂಟಪಕ್ಕೆ ಹಣ ಕೂಡಿಸಬಲ್ಲ ಸಮಾಜಕ್ಕೆ ವಾರಕ್ಕೆರಡು ದಿನ ಒಬ್ಬ ಆಪ್ತಸಮಾಲೋಚಕರನ್ನು ಕರೆಸುವ ವೆಚ್ಚ ಭಾರವಾಗದು. ಊಟದ ಹಾಜರಿ ಪುಸ್ತಕವನ್ನು ಇಂದು ಅಕ್ಕಿಬೇಳೆಯ ಲೆಕ್ಕಕ್ಕಾಗಿ ನೋಡುತ್ತಾರೆ. ಮೂರು ಹೊತ್ತು ಬಾರದವನ ಕೋಣೆಗೆ ಒಬ್ಬರು ಹೋಗಿ ಬರಬೇಕೆಂಬ ಕಟ್ಟಳೆಯೊಂದನ್ನು ಅದಕ್ಕೆ ಸೇರಿಸಿದರೆ ಸಾಕು, ಅದು ಪ್ರಾಣ ಉಳಿಸುವ ಪುಸ್ತಕವಾಗುತ್ತದೆ. ವಿದ್ಯಾರ್ಥಿ ಉಪವಾಸ ಮಾಡುವುದಾದರೆ ಮೊದಲೇ ತಿಳಿಸುವುದು, ಮರುದಿನ ಪಾರಣೆಗೆ ಬಂದನೇ ಎಂದು ನೋಡುವುದು ರೂಢಿಯಾಗಬೇಕು. ಕನ್ನಡ ಮಾಧ್ಯಮದಲ್ಲಿ ಓದಿ ಇಂಜಿನಿಯರಿಂಗಿಗೆ ಬಂದು ಮೊದಲ ಸೆಮಿಸ್ಟರಿನಲ್ಲಿ ತತ್ತರಿಸುವವನಿಗೆ, ವಿಷಯಗಳಲ್ಲಿ ಅನುತ್ತೀರ್ಣನಾದವನಿಗೆ, ರ‍್ಯಾಗಿಂಗಿಗೆ ಸಿಲುಕಿದವನಿಗೆ ಆಸರೆ ಬೇಕು. ವರದಿ ಮಾಡಿ ಕಾರಣವನ್ನು ಹಾಗೆಯೇ ಬಿಟ್ಟರೆ ಅದು ಅರ್ಧ ಕೆಲಸ. ಎಲ್ಲಕ್ಕಿಂತ ಮಿಗಿಲಾಗಿ ಪ್ರತಿ ನಿಲಯದ ಪ್ರವೇಶಪತ್ರದಲ್ಲಿಯೇ ಒಂದು ಸಾಲು ಅಚ್ಚಾಗಬೇಕು: ಮಾನಸಿಕ ಅಸ್ವಾಸ್ಥ್ಯದ ಕಾರಣಕ್ಕೆ, ಅಥವಾ ಅದನ್ನು ತಿಳಿಸಿದ ಕಾರಣಕ್ಕೆ, ಯಾರ ಸ್ಥಾನವನ್ನೂ ರದ್ದುಪಡಿಸಲಾಗುವುದಿಲ್ಲ. ಆಹಾರ, ಔಷಧ, ಶಾಸ್ತ್ರದಾನಗಳನ್ನು ಈ ನಿಲಯಗಳು ಬಹುಕಾಲದಿಂದ ನಡೆಸಿಕೊಂಡು ಬಂದಿವೆ. ನಾಲ್ಕನೆಯದಾದ ಅಭಯದಾನ ಆ ಒಂದು ಸಾಲಿನಲ್ಲಿದೆ.

ಇನ್ನು ತಂದೆತಾಯಿಗಳು. ವಿಷಯ ಹೊರಬಿದ್ದರೆ ಮಗಳ ಮದುವೆ ನಿಲ್ಲುವುದು, ಅಂಗಡಿಯ ಮರ್ಯಾದೆ ಹೋಗುವುದು ಎಂದು ಹೆದರಿ ವೈದ್ಯರ ಚೀಟಿಯನ್ನು ಬಚ್ಚಿಡುವವರು ಇದ್ದಾರೆ. ಆ ಭಯ ಹುಟ್ಟಿಸಿದವರು ಯಾರು? ಸಂಬಂಧ ಕೂಡಿಸುವಾಗ ಪಿಸುಗುಟ್ಟಿ ವಿಚಾರಿಸುವ, ಕೇಳಿದ್ದಕ್ಕೆ ಎರಡು ಸೇರಿಸಿ ಹೇಳುವ ಇದೇ ಬಂಧುವರ್ಗವಲ್ಲವೇ? ಇಂದು ಪರರ ಮನೆಯ ನೋವನ್ನು ಆಡಿಕೊಳ್ಳುವ ನಾಲಿಗೆಯೇ ನಾಳೆ ತನ್ನ ಮನೆಯ ಮಗುವಿನ ಬಾಯಿಯನ್ನು ಕಟ್ಟುತ್ತದೆ. ನಿಜವಾದ ಉಪಗೂಹನ ಇಲ್ಲಿ ಬೇಕು: ನೊಂದವರ ಮಾತನ್ನು ಸಹಾಯಕರಿಗೆ ತಲುಪಿಸಿ, ಆಡಿಕೊಳ್ಳುವವರಿಂದ ಕಾಪಾಡುವುದರಲ್ಲಿ. ಸಮಾಜ ಇಂದು ಇದರ ತಿರುವುಮುರುವು ಮಾಡುತ್ತಿದೆ. ಆಡಿಕೊಳ್ಳುವವರಿಗೆ ಎಲ್ಲವೂ ತಿಳಿದಿರುತ್ತದೆ, ವೈದ್ಯರಿಗೆ ಮಾತ್ರ ತಿಳಿದಿರುವುದಿಲ್ಲ.

ನೀರನ್ನು ಸೋಸಿ ಕುಡಿಯುವ, ಇರುವೆಯ ಸಾಲನ್ನು ದಾಟಿ ನಡೆಯುವ ಸಮಾಜವಿದು. ಕಣ್ಣಿಗೆ ಕಾಣದ ಜೀವದ ಮೇಲೆ ಇಷ್ಟು ಕರುಣೆಯುಳ್ಳವರಿಗೆ ಪಕ್ಕದ ಹಾಸಿಗೆಯ ಪಂಚೇಂದ್ರಿಯ ಜೀವ ಕಾಣದೆ ಹೋಗಬಾರದು. ಬರುವ ಪ್ರವೇಶದ ಕಾಲಕ್ಕೆ ಪ್ರತಿ ಆಡಳಿತ ಮಂಡಳಿ ತನ್ನ ಸಭೆಯ ನಡಾವಳಿಯಲ್ಲಿ ಈ ವಿಷಯವನ್ನು ಸೇರಿಸಲಿ. ಮಗುವನ್ನು ನಿಲಯಕ್ಕೆ ಸೇರಿಸಲು ಹೋದ ಪ್ರತಿ ತಂದೆ, ಊಟದ ವಿಷಯ ಕೇಳಿದ ಮೇಲೆ, ಆ ಮೂರು ಪ್ರಶ್ನೆಗಳನ್ನೂ ಕೇಳಲಿ: ಯಾರು ಕಾಣುತ್ತಾರೆ, ಯಾರಿಗೆ ತಿಳಿಸುತ್ತಾರೆ, ತಿಳಿಸಿದ ಮೇಲೆ ಮಗುವನ್ನು ಇಟ್ಟುಕೊಳ್ಳುತ್ತಾರೆಯೇ? ಉತ್ತರವಿಲ್ಲದ ನಿಲಯದಲ್ಲಿ ಎಷ್ಟೇ ಶುದ್ಧವಾದ ಅಡುಗೆಯಿದ್ದರೂ ಅಲ್ಲಿ ಅಹಿಂಸೆ ಪೂರ್ಣವಾಗಿಲ್ಲ.